ಗಿಲ್ಮೋರ್ ಪಾಂಪೆ ಬ್ಲೂರೇ: ಗಿಟಾರ್ ಜೋರು, ದನಿ ಮಾಯ! ಡಿಸ್ಕೇ ಸರಿ ಇಲ್ವಾ?

ಬಸವನಗುಡಿ_ಬೇಸ್
ಎಲ್ರಿಗೂ ನಮಸ್ಕಾರ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ 2016ರಲ್ಲಿ ಇಟಲಿಯ ಪಾಂಪೆಯ ಹಳೇ ರೋಮನ್ ಬಯಲು ರಂಗಮಂದಿರದಲ್ಲಿ ಕೊಟ್ಟ ಕಾರ್ಯಕ್ರಮದ ಬ್ಲೂರೇ ಕೊನೆಗೂ ಕೈಗೆ ಬಂತು. ನಮ್ಮ ಭಾವ ಅಮೆರಿಕದಿಂದ ಬರುವಾಗ ಸ್ವೆಟರ್ ಒಳಗೆ ಸುತ್ತಿ ತಂದುಕೊಟ್ಟರು. ಶನಿವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಕಿಕೊಂಡು ಕೂತೆ. ಮೊದಲನೆಯದಕ್ಕೆ ಹಾಡೇ ಇಲ್ಲ, ಬರೀ ಗಿಟಾರು. ಆಹಾ ಅನ್ನಿಸಿತು. ಎರಡನೆಯದಕ್ಕೆ ಬಾಯಿ ತೆಗೆದ ನೋಡಿ, ತುಟಿ ಅಲ್ಲಾಡುತ್ತೆ, ದನಿ ಮಾತ್ರ ಪಕ್ಕದ ಮನೆ ಬಚ್ಚಲಿನಿಂದ ಬಂದ ಹಾಗೆ! ಗಿಟಾರು, ಡ್ರಮ್ಸು, ಚಪ್ಪಾಳೆ ಎಲ್ಲಾ ಚೆನ್ನಾಗಿದೆ. ಹಾಡುವವನೇ ಇಲ್ಲ. ಕೊನೆಯ ಹಾಡು ಕಂಫರ್ಟಬ್ಲಿ ನಂಬ್ ತನಕ ಹೀಗೇ.

ನನ್ನ ಹತ್ತಿರ ಇರೋದು ಹಳೇ 5.1 ಹೋಮ್ ಥಿಯೇಟರ್ (ಐದು ಸ್ಪೀಕರ್, ಒಂದು ಸಬ್ ವೂಫರ್), ಹತ್ತು ವರ್ಷದ ಮೇಲಾಯಿತು. ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಎಚ್‌ಡಿಎಂಐ. ಈ ಡಿಸ್ಕ್ ಇರೋರು ಯಾರಾದ್ರೂ ಹೇಳಿ, ಮಿಕ್ಸಿಂಗೇ ಹೀಗಾ? ಅಥವಾ ಎಪ್ಪತ್ತು ವಯಸ್ಸಿಗೆ ದನಿ ಹೋಗಿದೆ ಅಂತ ಬೇಕಂತಲೇ ಕಮ್ಮಿ ಮಾಡಿದ್ದಾರಾ?

ತುಮಕೂರು_ಟ್ಯೂಬ್
ಡಿಸ್ಕ್ ಒರೆಸಿ ನೋಡಿ ಸಾರ್. ಮೆತ್ತನೆ ಬಟ್ಟೆಯಲ್ಲಿ, ಮಧ್ಯದಿಂದ ಅಂಚಿಗೆ.

ಕಬ್ಬನ್‌ಪೇಟೆ_ಕ್ಯಾಸೆಟ್
ಒರೆಸಿದರೆ ದನಿ ಬರುತ್ತಾ? ಇದೇನು ಹಳೇ ಗ್ರಾಮಫೋನ್ ಪ್ಲೇಟಾ 😄 ಬ್ಲೂರೇ ಗೀಚಿದ್ದರೆ ಚಿತ್ರ ನಿಲ್ಲುತ್ತೆ, ಚೌಕ ಚೌಕ ಆಗುತ್ತೆ. ಹಾಡುವವನನ್ನ ಮಾತ್ರ ಆರಿಸಿ ತೆಗೆಯಲ್ಲ.

ಪ್ರಶ್ನೆ ಕೇಳಿದವರಿಗೆ: ನನ್ನ ಹತ್ತಿರ ಇದೇ ಡಿಸ್ಕ್ 2017ರಿಂದ ಇದೆ, ಬಿಡುಗಡೆಯಾದ ವರ್ಷವೇ ತರಿಸಿದ್ದು. ದನಿ ಸ್ಪಷ್ಟವಾಗಿದೆ. ತೊಂದರೆ ನಿಮ್ಮ ಮನೆಯಲ್ಲಿದೆ, ಪಾಂಪೆಯಲ್ಲಲ್ಲ.

ರಾಗಿಮುದ್ದೆ_ರಾಕ್
ಅಮೆರಿಕದ ಡಿಸ್ಕ್ ಅಂದ್ರಲ್ಲ, ರೀಜನ್, ಅಂದ್ರೆ ಯಾವ ದೇಶದಲ್ಲಿ ಓಡಬೇಕು ಅನ್ನೋ ಗುರುತು, ಅದರ ತೊಂದರೆ ಇರಬಹುದು.

ಎಸ್‌ಪಿ_ರೋಡ್_ಎಕ್ಸ್‌ಪರ್ಟ್
ರೀಜನ್ ಬೇರೆಯಾಗಿದ್ದರೆ ಡಿಸ್ಕ್ ಓಡೋದೇ ಇಲ್ಲ ಗುರೂ, ಪರದೆ ಮೇಲೆ ಬೈದು ಕಳಿಸುತ್ತೆ. ಡಿವಿಡಿಯಲ್ಲಿ ಅಮೆರಿಕ 1, ನಾವು 5. ಬ್ಲೂರೇಯಲ್ಲಿ ಅವರು ಎ, ನಾವು ಸಿ. ಆದರೆ ಸಂಗೀತದ ಬ್ಲೂರೇಗಳು ಹೆಚ್ಚಿನವು ಎಲ್ಲಾ ಕಡೆ ಓಡೋ ಥರಾನೇ ಬರುತ್ತವೆ. ಕವರ್ ಹಿಂದೆ ಪುಟ್ಟ ಅಕ್ಷರದಲ್ಲಿ ಬರೆದಿರುತ್ತೆ, ಭೂತಗನ್ನಡಿ ಇಟ್ಟುಕೊಂಡು ಓದಿ.

ಬೇಸ್ ಅವರೇ, ಒಂದು ಪ್ರಶ್ನೆ. ಅದೇ ಸಿಸ್ಟಮ್‌ನಲ್ಲಿ ಯೂಟ್ಯೂಬ್ ಹಾಕಿದ್ರೆ ದನಿ ಸರಿಯಾಗಿ ಬರುತ್ತಾ?

ಬಸವನಗುಡಿ_ಬೇಸ್
ಬರುತ್ತೆ ಸಾರ್, ಬೆಳಗ್ಗೆ ದಿನಾ ದಾಸರ ಪದ ಅದರಲ್ಲೇ ಕೇಳೋದು. ಅದಕ್ಕೇ ಡಿಸ್ಕ್ ಮೇಲೆ ಅನುಮಾನ ಬಂದಿದ್ದು.

ತಂತಿ_ತಗಾದೆ
ದನಿ ಕೇಳದಿದ್ದರೇ ಒಳ್ಳೇದಾಯ್ತು ಅಂದುಕೊಳ್ಳಿ. ಸಿಟ್ಟಾಗಬೇಡಿ, ನಾನೂ ಆತನ ಭಕ್ತನೇ. ಆದರೆ 2016ರ ಗಿಲ್ಮೋರ್ ಗಂಟಲು 1971ರ ಗಂಟಲಲ್ಲ. ಅದೇ ಜಾಗದಲ್ಲಿ ಪಿಂಕ್ ಫ್ಲಾಯ್ಡ್ 1971ರ ಅಕ್ಟೋಬರ್‌ನಲ್ಲಿ ಚಿತ್ರೀಕರಿಸಿದ್ದನ್ನ ನೋಡಿ. ಪ್ರೇಕ್ಷಕರಿಲ್ಲ, ಬೆಳಕಿನ ಆಟ ಇಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಅಂಗಿ ಬಿಚ್ಚಿ ನುಡಿಸ್ತಾರೆ. ಅದು ಸಂಗೀತ. 2016ರದ್ದು ದಸರಾ ದೀಪಾಲಂಕಾರ.

ಮಲ್ನಾಡ್_ಮಳೆ
ಶುರುವಾಯ್ತಪ್ಪ.

ಕಬ್ಬನ್‌ಪೇಟೆ_ಕ್ಯಾಸೆಟ್
ತಗಾದೆ ಅವರೇ, ಹೆಸರಿಗೆ ತಕ್ಕ ಹಾಗೆ ಮಾತಾಡ್ತೀರಿ. 1971ರ ಚಿತ್ರ ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಅದರಲ್ಲಿ ಒಂದಷ್ಟು ಭಾಗ ಪಾಂಪೆಯಲ್ಲಿ ತೆಗೆದದ್ದೇ ಅಲ್ಲ, ಆಮೇಲೆ ಪ್ಯಾರಿಸ್ ಸ್ಟುಡಿಯೋದಲ್ಲಿ ತೆಗೆದು ಸೇರಿಸಿದ್ದು. ನಾಯಿ ಊಳಿಡೋದು ಇದೆಯಲ್ಲ, ಅದೂ ಪ್ಯಾರಿಸ್ಸೇ. ಪಾಂಪೆಯಲ್ಲಿ ಕರೆಂಟ್ ಸಾಲದೆ, ಊರೊಳಗಿಂದ ಬೀದಿಯುದ್ದಕ್ಕೂ ಕೇಬಲ್ ಎಳೆದು ತಂದರಂತೆ. ನಮ್ಮೂರ ಗಣೇಶನ ಪೆಂಡಾಲ್‌ಗೆ ಎಳೆಯೋ ಹಾಗೆ.

2016ರಲ್ಲಿ ಜುಲೈ 7, 8, ಎರಡು ರಾತ್ರಿ, ಎದುರಿಗೆ ಜನ ಇಟ್ಟುಕೊಂಡು ನುಡಿಸಿದ್ದಾರೆ. 45 ವರ್ಷ ಬಿಟ್ಟು ಒಬ್ಬ ಮನುಷ್ಯ ಅದೇ ಜಾಗಕ್ಕೆ ವಾಪಸ್ ಬಂದು ನಿಲ್ತಾನೆ. ಅದನ್ನ ದೀಪಾಲಂಕಾರ ಅನ್ನೋದಾದ್ರೆ ನಿಮ್ಮಿಷ್ಟ.

ತಂತಿ_ತಗಾದೆ
ಎರಡರಲ್ಲೂ ಇರೋ ಒಂದೇ ಒಂದು ಹಾಡು ಒನ್ ಆಫ್ ದೀಸ್ ಡೇಸ್. ಪಕ್ಕ ಪಕ್ಕ ಹಾಕಿ ನೋಡಿ. 1971ರಲ್ಲಿ ಡ್ರಮ್ಸ್ ನುಡಿಸುವ ನಿಕ್ ಮೇಸನ್ ಕೈಯಿಂದ ಕೋಲು ಜಾರಿ ಹೋಗುತ್ತೆ. ಒಂದು ಏಟೂ ತಪ್ಪದೆ ಇನ್ನೊಂದು ಕೋಲು ಎತ್ತಿಕೊಳ್ತಾನೆ. ಕ್ಯಾಮೆರಾ ಅವನನ್ನ ಬಿಟ್ಟು ಹೋಗಲ್ಲ. 2016ರಲ್ಲಿ? ಸುತ್ತ ಬೆಂಕಿ ಭಗ್ ಅನ್ನುತ್ತೆ, ಎಲ್ಲರೂ ಮೊಬೈಲ್ ಎತ್ತುತ್ತಾರೆ.

ವೀಣೆ_ಶೇಷಣ್ಣನ_ಬೀದಿ
ಕ್ಯಾಮೆರಾ ಬಿಟ್ಟು ಹೋಗದಿರೋದಕ್ಕೆ ಕಾರಣ ಕಲೆ ಅಲ್ಲ ಸ್ವಾಮಿ, ಉಳಿದವರನ್ನ ತೆಗೆದ ರೀಲುಗಳು ಕಳೆದು ಹೋಗಿದ್ದವು ಅಂತ ಆ ನಿರ್ದೇಶಕರೇ ಹೇಳಿದ್ದಾರೆ. ಇದ್ದದ್ದರಲ್ಲಿ ಸಂಭಾಳಿಸಿದ್ದಾರೆ ಅಷ್ಟೆ 🙂

ಆದರೆ ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಈಗಿನ ಕಾನ್ಸರ್ಟ್ ವಿಡಿಯೋ ನೋಡೋಕೆ ನನಗೆ ತಲೆನೋವು. ಗಿಟಾರ್ ಕಲಿಯೋನಿಗೆ ಬೇಕಾಗಿರೋದು ಕೈ. ಎಡಗೈ ಉಂಗುರ ಬೆರಳು ತಂತಿಯನ್ನ ಮೇಲಕ್ಕೆ ತಳ್ಳಿ, ಸ್ವರ ಏರಿ, ಅಲ್ಲೇ ನಿಂತು, ಆಮೇಲೆ ಸಣ್ಣಗೆ ನಡುಗುತ್ತೆ. ಆ ನಡುಕ ಮಣಿಕಟ್ಟಿನಿಂದ ಬರುತ್ತೋ ಬೆರಳಿನಿಂದ ಬರುತ್ತೋ ಅಂತ ನೋಡೋಣ ಅನ್ನೋಷ್ಟರಲ್ಲಿ, ಟಪ್, ಹಾರಾಡುವ ಕ್ಯಾಮೆರಾದಿಂದ ಇಡೀ ಬಯಲು ತೋರಿಸ್ತಾರೆ. ಬಯಲಲ್ಲಿ ಏನಿದೆ? ಹೊಗೆ. ಪಾಂಪೆ ಡಿಸ್ಕ್ ಬೇರೆಯವಕ್ಕಿಂತ ವಾಸಿ, ಆದರೂ ಕಂಫರ್ಟಬ್ಲಿ ನಂಬ್ ಕೊನೆಯ ಸೋಲೋದಲ್ಲಿ ನಾನು ಎರಡು ಸಲ ರಿಮೋಟ್ ಎಸೆದೆ.

ಎಸ್‌ಪಿ_ರೋಡ್_ಎಕ್ಸ್‌ಪರ್ಟ್
ರಿಮೋಟ್ ರಿಪೇರಿ ಇದ್ದರೆ ಹೇಳಿ.

ಮಲ್ನಾಡ್_ಮಳೆ
ನನಗೆ ಉಲ್ಟಾ. ನಾನು ಗಿಟಾರ್ ಕಲಿಯೋಕೆ ನೋಡಲ್ಲ, ಅಲ್ಲಿ ಇದ್ದ ಹಾಗೆ ಅನ್ನಿಸಬೇಕು. ಒನ್ ಆಫ್ ದೀಸ್ ಡೇಸ್‌ನಲ್ಲಿ ಕಲ್ಲಿನ ಗೋಡೆ ಮೇಲೆ ಸುತ್ತಲೂ ಬೆಂಕಿಯ ಕಂಬ ಎದ್ದಾಗ ಮೈ ಜುಂ ಅಂದಿತ್ತು. ವೆಸೂವಿಯಸ್ ಉರಿದು ಊರೇ ಮುಚ್ಚಿಹೋದ ಜಾಗ ಅದು, ಕ್ರಿಸ್ತಶಕ 79ರಲ್ಲಿ. ಅಲ್ಲಿ ಬೆಂಕಿ ಹಚ್ಚೋಕೆ ಧೈರ್ಯ ಬೇಕು.

ಹುಬ್ಬಳ್ಳಿ_ಹಾಡುಗಾರ
ಅಲ್ರೀ, ಅಷ್ಟು ಹಳೇ ಕಲ್ಲಿನ ಕಟ್ಟಡದಾಗ ಅಷ್ಟು ದೊಡ್ಡ ಸ್ಪೀಕರ್ ಇಟ್ಟು ಬಾರಿಸಿದ್ರ ಕಲ್ಲಿಗೆ ಏನೂ ಆಗಂಗಿಲ್ಲೇನು? ನಮ್ಮ ಹಂಪಿ ಉತ್ಸವದ ಟೈಮಿನಾಗೂ ಇದೇ ವಾದ ಬರತೈತಿ.

ನೇಪಲ್ಸ್_ಕನ್ನಡಿಗ
ಕೆಲಸದ ಮೇಲೆ ಎರಡು ವರ್ಷ ಇಟಲಿಯಲ್ಲಿದ್ದೆ, ಪಾಂಪೆಗೆ ಮೂರು ಸಲ ಹೋಗಿದ್ದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ನೇಪಲ್ಸ್‌ನಿಂದ ಸಣ್ಣ ರೈಲು, ನಿಲ್ಲೋಕೂ ಜಾಗ ಇರಲ್ಲ. ಎಲ್ಲರೂ ಇಳಿಯೋ ಸ್ಟೇಷನ್ ಊರಿನ ಪಡುವಣ ಬಾಗಿಲ ಹತ್ತಿರ. ಈ ರಂಗಮಂದಿರ ಇರೋದು ಪೂರ್ವದ ತುದಿಯಲ್ಲಿ. ಬಿಸಿಲಲ್ಲಿ ಆ ಕಲ್ಲು ಹಾಸಿದ ಬೀದಿಯಲ್ಲಿ ನಡೆದು ನಡೆದು ಕಾಲು ಬಿದ್ದುಹೋಗುತ್ತೆ. ಗೊತ್ತಿದ್ದವರು ಆ ಕಡೆ ಗೇಟಿನಿಂದಲೇ ಬರ್ತಾರೆ.

ವಿಡಿಯೋದಲ್ಲಿ ಒಂದು ಗಮನಿಸಿ. ಜನ ನಿಂತಿರೋದು ಕೆಳಗಿನ ನೆಲದಲ್ಲಿ, ಅಂದ್ರೆ ಹಿಂದೆ ಗ್ಲಾಡಿಯೇಟರ್‌ಗಳು ಹೊಡೆದಾಡ್ತಿದ್ದ ಅಂಕಣದಲ್ಲಿ. ಸುತ್ತಲಿನ ಮೆಟ್ಟಿಲು ಖಾಲಿ. ಕ್ರಿಸ್ತಪೂರ್ವ 70ರ ಹೊತ್ತಿಗೆ ಕಟ್ಟಿದ್ದು, ಆಗ ಸುಮಾರು 20,000 ಜನ ಕೂರ್ತಿದ್ದರು ಅಂತಾರೆ. ಗಿಲ್ಮೋರ್‌ಗೆ ಎರಡೂವರೆ ಸಾವಿರದ ಆಸುಪಾಸು ಜನರನ್ನ ಮಾತ್ರ ಬಿಟ್ಟಿದ್ದು. ಹೋಲಿಸಿದರೆ ನಮ್ಮೂರ ಜಾತ್ರೆಗೆ ಇದಕ್ಕಿಂತ ಜಾಸ್ತಿ ಜನ ಬರ್ತಾರೆ. ಹಂಪಿಗೂ ಪಾಂಪೆಗೂ ಅದೇ ವ್ಯತ್ಯಾಸ ನೋಡಿ.

ಇನ್ನೊಂದು ಮಜಾ. ಕ್ರಿಸ್ತಶಕ 59ರಲ್ಲಿ ಅಲ್ಲೇ ಪಾಂಪೆಯವರಿಗೂ ಪಕ್ಕದೂರು ನೂಕೇರಿಯಾದವರಿಗೂ ಆಟದ ಮಧ್ಯೆ ಹೊಡೆದಾಟ ಆಗಿ ಹೆಣ ಬಿದ್ದವು. ರೋಮ್ ಸೆನೆಟ್ ಹತ್ತು ವರ್ಷ ಆ ಥರದ ಆಟವನ್ನೇ ಬಂದ್ ಮಾಡಿತು.

ರಾಗಿಮುದ್ದೆ_ರಾಕ್
ಅಂದ್ರೆ ಆಗಲೂ ಫ್ಯಾನ್ಸ್ ವಾರ್!

ಕಬ್ಬನ್‌ಪೇಟೆ_ಕ್ಯಾಸೆಟ್
ನೇಪಲ್ಸ್ ಅವರೇ ಚೆನ್ನಾಗಿತ್ತು. 2016ರಲ್ಲಿ ಅಲ್ಲಿನವರು ಗಿಲ್ಮೋರ್‌ಗೆ ಪಾಂಪೆಯ ಗೌರವ ಪೌರತ್ವವನ್ನೂ ಕೊಟ್ಟರು.

ಚಾಮರಾಜಪೇಟೆ_ಚಿಕ್ಕಿ
ನನ್ನದೊಂದು ಸಣ್ಣ ಸಂಗತಿ. ಆ ವಿಡಿಯೋದಲ್ಲಿ ಕೀಬೋರ್ಡ್ ಹತ್ತಿರ ಬಿಳಿ ಗಡ್ಡದವರು ಇದ್ದಾರಲ್ಲ, ಚಕ್ ಲೆವೆಲ್, ಅವರನ್ನ ನಾನು ಬೆಂಗಳೂರಲ್ಲೇ ನೋಡಿದ್ದೀನಿ! 2003ರ ಏಪ್ರಿಲ್‌ನಲ್ಲಿ ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದಾಗ ಕೀಬೋರ್ಡ್ ಅವರದ್ದೇ. ನಾನಾಗ ಕಾಲೇಜು. ಮನೆಯಲ್ಲಿ ಗೆಳತಿಯ ಅಕ್ಕನ ನಿಶ್ಚಿತಾರ್ಥ ಅಂತ ಹೇಳಿ ಹೋಗಿದ್ದೆ. ವಾಪಸ್ ಬಂದಾಗ ಚಪ್ಪಲಿ ತುಂಬಾ ಕೆಸರು. ಅಮ್ಮ ಕೇಳಿದ್ದು ಒಂದೇ ಮಾತು, "ನಿಶ್ಚಿತಾರ್ಥ ಗದ್ದೇಲಿತ್ತೇನೇ?"

ಪಾಂಪೆ ವಿಡಿಯೋದಲ್ಲಿ ಕಂಫರ್ಟಬ್ಲಿ ನಂಬ್‌ನ ಡಾಕ್ಟರ್ ಭಾಗ, ಮೊದಲು ಪಿಂಕ್ ಫ್ಲಾಯ್ಡ್ ಬ್ಯಾಂಡಿನ ರೋಜರ್ ವಾಟರ್ಸ್ ಹಾಡ್ತಿದ್ದದ್ದು, ಅದನ್ನ ಇವರೇ ಹಾಡೋದು. ನನಗೆ ತುಂಬಾ ಇಷ್ಟ.

ಮೈಸೂರ್_ಮಾರ್ಷಲ್
ಚಿಕ್ಕಿ ಅವರೇ, ಅದಕ್ಕಿಂತ ಒಂದು ವರ್ಷ ಮೊದಲು, 2002ರಲ್ಲಿ, ರೋಜರ್ ವಾಟರ್ಸ್ ಅದೇ ಅರಮನೆ ಮೈದಾನಕ್ಕೆ ಬಂದಿದ್ದರು. ಆ ತಂಡದಲ್ಲಿ ಗಿಟಾರ್‌ಗೆ ಇದ್ದ ಚೆಸ್ಟರ್ ಕೇಮನ್ ಕೂಡ ಪಾಂಪೆಯಲ್ಲಿ ಗಿಲ್ಮೋರ್ ಪಕ್ಕ ನಿಂತಿದ್ದಾನೆ. ಅಂದ್ರೆ ಆ ವೇದಿಕೆ ಮೇಲೆ ಬೆಂಗಳೂರು ನೋಡಿದ ಇಬ್ಬರಿದ್ದಾರೆ, ಗಿಲ್ಮೋರ್ ಮಾತ್ರ ಇಲ್ಲಿ ಬಂದು ನುಡಿಸಿಲ್ಲ. ಹೊಟ್ಟೆ ಉರಿಯುತ್ತೆ.

ತಂತಿ_ತಗಾದೆ
ವಾಟರ್ಸ್ ಇಲ್ಲದ ಫ್ಲಾಯ್ಡ್ ಅಂದ್ರೆ ಸಾಂಬಾರಿಲ್ಲದ ಇಡ್ಲಿ.

ಮೈಸೂರ್_ಮಾರ್ಷಲ್
ಗಿಲ್ಮೋರ್ ಇಲ್ಲದ ಫ್ಲಾಯ್ಡ್ ಅಂದ್ರೆ ಇಡ್ಲಿ ಇಲ್ಲದ ಸಾಂಬಾರ್. ಯಾವುದು ವಾಸಿ ನೀವೇ ಹೇಳಿ.

ಮಲ್ನಾಡ್_ಮಳೆ
ನಮ್ಮ ಕಡೆ ಇಡ್ಲಿಗೆ ಚಟ್ನಿ. ಆ ಚಟ್ನಿ ಫ್ಲಾಯ್ಡ್ ಕೀಬೋರ್ಡಿನ ರಿಕ್ ರೈಟ್. ಯಾರೂ ಹೆಸರು ಹೇಳಲ್ಲ, ಇಲ್ಲದಿದ್ದರೆ ಗೊತ್ತಾಗುತ್ತೆ. 2008ರಲ್ಲಿ ತೀರಿಕೊಂಡರು. ಪಾಂಪೆ ಡಿಸ್ಕ್‌ನಲ್ಲಿ ಎ ಬೋಟ್ ಲೈಸ್ ವೇಯ್ಟಿಂಗ್ ಅಂತ ಒಂದು ಹಾಡಿದೆ, ಅದು ಅವರ ನೆನಪಿಗೇ ಮಾಡಿದ್ದು. ವಾದ್ಯ ಕಮ್ಮಿ, ಎಲ್ಲರೂ ಸೇರಿ ಮೆಲ್ಲಗೆ ಹಾಡ್ತಾರೆ. ಬೆಂಕಿ ಗಿಂಕಿ ಏನೂ ಇಲ್ಲ. ತಗಾದೆ ಅವರು ಅದನ್ನ ನೋಡಿ ಆಮೇಲೆ ದೀಪಾಲಂಕಾರ ಅನ್ನಲಿ.

ತಂತಿ_ತಗಾದೆ
ಅದು ಚೆನ್ನಾಗಿದೆ, ಒಪ್ಪಿದೆ. ಗ್ರೇಟ್ ಗಿಗ್ ಇನ್ ದ ಸ್ಕೈ ಅನ್ನೋ ಫ್ಲಾಯ್ಡ್ ಹಾಡು ಮಾತ್ರ ಒಪ್ಪಲ್ಲ. ಒಂದೇ ಹೆಣ್ಣು ದನಿ ಕಿರುಚಿ ಅಳಬೇಕಾದ ಹಾಡನ್ನ ಮೂವರಿಗೆ ಹಂಚಿದ್ದಾರೆ.

ಚಾಮರಾಜಪೇಟೆ_ಚಿಕ್ಕಿ
ಹಂಚಿದ್ದೇ ಹೊಸದು ಅಲ್ವಾ? 1973ರಲ್ಲಿ ಗಾಯಕಿ ಕ್ಲೇರ್ ಟೋರಿ, ಸ್ಟುಡಿಯೋಗೆ ಬಂದು ಅದನ್ನ ಮೊದಲು ಹಾಡಿದ್ದಕ್ಕೆ ಸಿಕ್ಕಿದ್ದು 30 ಪೌಂಡ್. ಆಮೇಲೆ ಕೋರ್ಟಿಗೆ ಹೋಗಿ, 2005ರಲ್ಲಿ ರಾಜಿಯಾಗಿ, ಹಾಡು ಕಟ್ಟಿದವರ ಸಾಲಲ್ಲಿ ಹೆಸರು ಬಂತು. ಆಕೆ ಹಾಡಿದ ಹಾಗೇ ಹಾಡೋಕೆ ಹೋದರೆ ನಕಲು ಅಂತೀರಿ, ಬೇರೆ ಥರ ಹಾಡಿದರೆ ಒಪ್ಪಲ್ಲ ಅಂತೀರಿ. ಪಾಂಪೆಯಲ್ಲಿ ಆ ಮೂವರಲ್ಲಿ ಒಬ್ಬರು ಗಂಡಸು. ಅವರ ಸರದಿ ಬಂದಾಗ ಕಣ್ಣು ಮುಚ್ಚಿ ಕೇಳಿ ನೋಡಿ.

ಎಸ್‌ಪಿ_ರೋಡ್_ಎಕ್ಸ್‌ಪರ್ಟ್
ಎಲ್ಲರೂ ಇಡ್ಲಿ ತಿಂದಾಯ್ತಾ? ಈಗ ಪಾಪ ಬೇಸ್ ಅವರ ದನಿ ಹುಡುಕೋಣ.

ಯೂಟ್ಯೂಬ್‌ನಲ್ಲಿ ದನಿ ಬರುತ್ತೆ, ಬ್ಲೂರೇಯಲ್ಲಿ ಬರಲ್ಲ. ಯೂಟ್ಯೂಬ್ ಸ್ಟೀರಿಯೋ, ಅಂದ್ರೆ ಎಡ ಬಲ ಎರಡೇ ಸ್ಪೀಕರ್. 5.1ರಲ್ಲಿ ಹಾಡುವವರ ದನಿ ಹೆಚ್ಚಾಗಿ ಮಧ್ಯದ ಸ್ಪೀಕರ್‌ಗೆ ಹೋಗುತ್ತೆ. ಆ ಮಧ್ಯದ್ದು ಸತ್ತಿದ್ದರೆ ಉಳಿದ ನಾಲ್ಕರಲ್ಲಿ ಬರೀ ದನಿಯ ಗುಂಗು ಕೇಳುತ್ತೆ. ನೀವು ಬಚ್ಚಲು ಅಂದ್ರಲ್ಲ, ಅದೇ. ಎರಡು ಕೆಲಸ ಮಾಡಿ. ಡಿಸ್ಕ್ ಮೆನುಗೆ ಹೋಗಿ ಆಡಿಯೋ ಸ್ಟೀರಿಯೋಗೆ ಹಾಕಿ, ದನಿ ಬಂದರೆ ಡಿಸ್ಕ್ ಸರಿ ಇದೆ. ಆಮೇಲೆ ಆಂಪ್ಲಿಫೈಯರ್ ಸೆಟಪ್‌ನಲ್ಲಿ ಟೆಸ್ಟ್ ಟೋನ್ ಕೊಡಿ. ಒಂದೊಂದೇ ಸ್ಪೀಕರ್‌ನಿಂದ ಸರ್ರ್ ಅಂತ ಬರಬೇಕು. ಮಧ್ಯದ್ದು ಸುಮ್ನಿದ್ದರೆ ಕಳ್ಳ ಅವನೇ.

ತುಮಕೂರು_ಟ್ಯೂಬ್
ಆಪ್ಟಿಕಲ್ ಕೇಬಲ್ ಹಾಕಿ ನೋಡಬಹುದಲ್ವಾ?

ಎಸ್‌ಪಿ_ರೋಡ್_ಎಕ್ಸ್‌ಪರ್ಟ್
ಯಾಕಣ್ಣ? ಆಪ್ಟಿಕಲ್‌ನಲ್ಲಿ ಬ್ಲೂರೇಯ ಪೂರ್ತಿ ಸೌಂಡ್ ಹೋಗಲ್ಲ, ಒತ್ತಿ ಚಿಕ್ಕದು ಮಾಡಿದ ಸೌಂಡೇ ಹೋಗೋದು. ಎಚ್‌ಡಿಎಂಐ ಸರಿಯಾಗೇ ಇದೆ. ಇದ್ದದ್ದು ಕೆಡಿಸಬೇಡಿ.

ರಾಗಿಮುದ್ದೆ_ರಾಕ್
ಈ ಕಾಲದಲ್ಲಿ ಡಿಸ್ಕ್ ಯಾಕೆ ಬೇಕು ಅಂತ ಕೇಳಬಹುದಾ? ಫೋನಲ್ಲೇ ಎಲ್ಲಾ ಸಿಗುತ್ತೆ. ಬೈಬೇಡಿ.

ಕಬ್ಬನ್‌ಪೇಟೆ_ಕ್ಯಾಸೆಟ್
ಬೈಯಲ್ಲ ತಮ್ಮಾ. ಫೋನಲ್ಲಿ ಇವತ್ತು ಇರೋದು ನಾಳೆ ಇರಲ್ಲ, ಹಕ್ಕು ಮುಗಿಯಿತು ಅಂತ ತೆಗೀತಾರೆ. ನಾನು ಮೊದಲು ಈ ಥರದ ವಿಡಿಯೋ ನೋಡಿದ್ದು ಗೆಳೆಯನ ಮನೆಯಲ್ಲಿ, ಪ್ರತಿಯಿಂದ ಪ್ರತಿ ತೆಗೆದ ವಿಎಚ್‌ಎಸ್ ಟೇಪಲ್ಲಿ. ಚಿತ್ರದ ಕೆಳಗೆ ಯಾವಾಗಲೂ ಎರಡು ಬಿಳಿ ಗೆರೆ ಕುಣಿಯೋದು. ವಿಸಿಆರ್ ಬಾಡಿಗೆ ಭಾನುವಾರ ಸಂಜೆಗೆ ಮುಗಿಯೋದು, ಅಷ್ಟರಲ್ಲಿ ನಾಲ್ಕು ಸಲ ನೋಡಬೇಕು. ಹೆಡ್ ಕೊಳೆಯಾದರೆ ಕಾಗದ ಚೂಪು ಮಾಡಿ ಒರೆಸೋದು. ಆ ಗೆರೆಗಳನ್ನ ನಾನು ಲೇಸರ್ ಶೋ ಅಂದುಕೊಂಡಿದ್ದೆ ಬಹಳ ದಿನ 😂 ಈಗ ಪಾಂಪೆ ಡಿಸ್ಕ್‌ನಲ್ಲಿ ಗಿಟಾರಿನ ಬಣ್ಣ ಎಲ್ಲಿ ಉದುರಿದೆ ಅಂತ ಕಾಣುತ್ತೆ. ನಾನು ಕೊಡ್ತೀನಪ್ಪ ದುಡ್ಡು.

ವೀಣೆ_ಶೇಷಣ್ಣನ_ಬೀದಿ
ಗಿಟಾರಿನ ಮಾತು ಬಂತಲ್ಲ. ಗಿಲ್ಮೋರ್ ನುಡಿಸೋ ಆ ಕಪ್ಪು ಸ್ಟ್ರ್ಯಾಟ್ (ಸ್ಟ್ರ್ಯಾಟೋಕಾಸ್ಟರ್ ಗಿಟಾರು) 1971ರ ಪಾಂಪೆಯಲ್ಲೂ ಇದೆ, 2016ರಲ್ಲೂ ಇದೆ. ಆಗ ಎದುರಿನ ತಗಡಿನ ಥರದ ಪ್ಲೇಟ್ ಬಿಳಿ, ಈಗ ಕಪ್ಪು. ಕತ್ತು, ತಂತಿಯ ನಾದ ಹಿಡಿಯೋ ಪಿಕಪ್ಪು ಎಲ್ಲಾ ಎಷ್ಟೋ ಸಲ ಬದಲಾಗಿವೆ. ನಮ್ಮಜ್ಜನ ಮಚ್ಚಿನ ಹಾಗೆ, ಹಿಡಿ ನಾಲ್ಕು ಸಲ ಬದಲು, ಅಲಗು ಎರಡು ಸಲ ಬದಲು, ಮಚ್ಚು ಮಾತ್ರ ಅಜ್ಜನದ್ದೇ. 2019ರ ಜೂನ್‌ನಲ್ಲಿ ಅದನ್ನ ಹರಾಜಿಗೆ ಹಾಕಿ ಬಂದದ್ದು 39,75,000 ಡಾಲರ್. ಹರಾಜಿನ ದುಡ್ಡೆಲ್ಲಾ ಹವಾಮಾನದ ಕೆಲಸ ಮಾಡೋ ಸಂಸ್ಥೆಗೆ ಕೊಟ್ಟುಬಿಟ್ಟರು.

ಹುಬ್ಬಳ್ಳಿ_ಹಾಡುಗಾರ
ಅಷ್ಟು ರೊಕ್ಕಕ್ಕ ನಮ್ಮೂರಾಗ ಒಂದು ಓಣಿ ಬರತಾವ್ರಿ.

ಮೈಸೂರ್_ಮಾರ್ಷಲ್
ಹಾಗಾದ್ರೆ ಈ ಡಿಸ್ಕ್ ಆ ಗಿಟಾರಿನ ಕೊನೆಯ ದೊಡ್ಡ ದಾಖಲೆಗಳಲ್ಲಿ ಒಂದು. ನನಗೆ ಅದೇ ಸಾಕು. ಅಂದಹಾಗೆ 1971ರದ್ದನ್ನ ತೊಳೆದು ಶುಚಿ ಮಾಡಿ 2025ರಲ್ಲಿ ಹೊಸದಾಗಿ ಬಿಟ್ಟಿದ್ದಾರೆ, ಸೌಂಡ್ ಮಿಕ್ಸ್ ಸ್ಟೀವನ್ ವಿಲ್ಸನ್. ತಗಾದೆ ಅವರೇ, ನೀವು ತಗೊಂಡ್ರಾ?

ತಂತಿ_ತಗಾದೆ
ತಗೊಂಡೆ. 2016ರದ್ದೂ ಇದೆ ನನ್ನ ಹತ್ತಿರ. ನೋಡದೇ ಬೈಯೋ ಅಭ್ಯಾಸ ನನಗಿಲ್ಲ.

ಮಲ್ನಾಡ್_ಮಳೆ
ಅಯ್ಯೋ ನಿಮ್ಮ!

ಬಸವನಗುಡಿ_ಬೇಸ್
ಸಿಕ್ಕಿತು!!! ಎಕ್ಸ್‌ಪರ್ಟ್ ಸಾರ್, ನಿಮಗೆ ಒಂದು ಬೈ ಟೂ ಅಲ್ಲ, ಫುಲ್ ಕಾಫಿ ನನ್ನ ಲೆಕ್ಕದಲ್ಲಿ.

ಟೆಸ್ಟ್ ಟೋನ್ ಕೊಟ್ಟೆ. ಎಡ ಸರ್ರ್, ಮಧ್ಯ ನಿಶ್ಶಬ್ದ, ಬಲ ಸರ್ರ್. ಟಿವಿ ಸ್ಟ್ಯಾಂಡ್ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ, ಮಧ್ಯದ ಸ್ಪೀಕರಿನ ಕೆಂಪು ವೈರ್ ಕ್ಲಿಪ್ಪಿನಿಂದ ಹೊರಗೆ ಬಂದು ನೇತಾಡ್ತಿದೆ. ಆಗ ನೆನಪಾಯ್ತು, ಆಯುಧ ಪೂಜೆ ಹಿಂದಿನ ದಿನ ಸ್ಟ್ಯಾಂಡ್ ಸರಿಸಿ ಧೂಳು ಹೊಡೆದದ್ದು ನಾನೇ. ಪೂಜೆಯ ದಿನ ಆ ಸ್ಪೀಕರಿಗೇ ಅರಿಶಿನ ಕುಂಕುಮ ಇಟ್ಟು ಹೂ ಮುಡಿಸಿದ್ದೆ, ವೈರ್ ನೋಡಿರಲಿಲ್ಲ. ಆಮೇಲೆ ಕೇಳಿದ್ದೆಲ್ಲಾ ಸ್ಟೀರಿಯೋ, ಗೊತ್ತಾಗಲೇ ಇಲ್ಲ. ತುದಿ ಕಪ್ಪಾಗಿತ್ತು, ಸ್ವಲ್ಪ ಕತ್ತರಿಸಿ ಹೊಸದಾಗಿ ಸುಲಿದು ಸಿಕ್ಕಿಸಿದೆ.

ರಾತ್ರಿ ಮತ್ತೆ ಹಾಕಿದೆ. ದನಿ ಎದುರಿಗೇ ಬಂದು ಕೂತಿತು. ವಯಸ್ಸಾಗಿದೆ, ತಗಾದೆ ಅವರು ಹೇಳಿದ್ದು ಸುಳ್ಳಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಸ್ವಲ್ಪ ಒಡೆಯುತ್ತೆ, ಕೆಳಗೆ ಗೊಗ್ಗರು. ನನಗೆ ಅದೇ ಚೆನ್ನಾಗಿ ಕಂಡಿತು. ಸದ್ದಿಗೆ ಅಪ್ಪ ಎದ್ದು ಬಂದರು. ಬೈತಾರೆ ಅಂದುಕೊಂಡೆ, ಬಂದು ಸೋಫಾ ಅಂಚಲ್ಲಿ ಕೂತರು. ಗಿಲ್ಮೋರ್ ಕೂತು, ಗಿಟಾರನ್ನ ಮಲಗಿಸಿಕೊಂಡು, ಕೈಯಲ್ಲಿ ಕಬ್ಬಿಣ ಹಿಡಿದು ಜಾರಿಸೋ ಹಾಡು ಬಂತಲ್ಲ, ಆಗ ಅಪ್ಪ ಕನ್ನಡಕ ಸರಿ ಮಾಡಿಕೊಂಡು, "ಇದು ಗೋಟುವಾದ್ಯ ಅಲ್ವೇನೋ? ಇವನಿಗೆ ಯಾರು ಕಲಿಸಿದ್ರು?" ಅಂದರು.

ವೀಣೆ_ಶೇಷಣ್ಣನ_ಬೀದಿ
ತಂದೆಯವರಿಗೆ ನನ್ನ ನಮಸ್ಕಾರ ಹೇಳಿ! ಅದು ಲ್ಯಾಪ್ ಸ್ಟೀಲ್ ಗಿಟಾರು. ಮೆಟ್ಟಿಲಿಲ್ಲದ ತಂತಿ ಮೇಲೆ ಜಾರಿಸೋದು, ಗೋಟುವಾದ್ಯದ ಉಪಾಯವೇ. ಗೋಟುವಾದ್ಯದಲ್ಲಿ ಮರದ ಕೊರಡು ಜಾರಿಸ್ತಾರೆ, ಇಲ್ಲಿ ಉಕ್ಕು. ಹೈ ಹೋಪ್ಸ್ ಹಾಡಿನ ಕೊನೆಯಲ್ಲೂ ಅದನ್ನೇ ನುಡಿಸ್ತಾರೆ, ತೋರಿಸಿದ್ರಾ?

ಬಸವನಗುಡಿ_ಬೇಸ್
ಅದು ಮೊದಲೇ ಆಗಿಹೋಗಿತ್ತು ಸಾರ್. ಹಿಂದಕ್ಕೆ ಹೋಗಿ ಹಾಕು ಅಂದರು, ಹಾಕಿದೆ. ಎರಡು ಸಲ ಕೇಳಿದರು. ಆಮೇಲೆ ಲೇಸರ್ ಶುರುವಾದಾಗ ಕಣ್ಣು ಚುಚ್ಚುತ್ತೆ ಅಂತ ಎದ್ದು ಹೋದರು.

ತಂತಿ_ತಗಾದೆ
ನಿಮ್ಮ ತಂದೆ ನಮ್ಮ ಕಡೆ.